ಹಾಯಿದೋಣಿಯ ವಾಸ: ಧಕ್ಕೆಗೆ ಕಟ್ಟಿಯೋ, ಲಂಗರು ಹಾಕಿಯೋ?

ಹಾಯಿದೋಣಿಯನ್ನೇ ಮನೆ ಮಾಡಿಕೊಂಡು ಬದುಕುವುದರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು. ಬಾಡಿಗೆ ಕೊಟ್ಟು ಮರೀನಾದಲ್ಲಿ, ಅಂದರೆ ಸಣ್ಣ ದೋಣಿಗಳನ್ನು ಕಟ್ಟುವ ಧಕ್ಕೆಯಲ್ಲಿ, ದೋಣಿ ಕಟ್ಟಿಕೊಂಡಿರುವುದು ಲೇಸೋ, ತೆರೆದ ನೀರಿನಲ್ಲಿ ಲಂಗರು ಹಾಕಿಕೊಂಡಿರುವುದು ಲೇಸೋ ಎಂಬುದೇ ಆ ವಿಷಯ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ 32 ಅಡಿ ಉದ್ದದ ಹಾಯಿದೋಣಿಯೊಂದರಲ್ಲಿ ನಾನು ಏಳು ವರ್ಷ ಇದ್ದೆ. ಮೊದಲ ನಾಲ್ಕು ವರ್ಷ ಮರೀನಾದಲ್ಲಿ ಕಳೆದವು. ಆಮೇಲಿನ ಮೂರು ವರ್ಷಗಳ ಹೆಚ್ಚಿನ ರಾತ್ರಿಗಳು ಲಂಗರಿನ ಮೇಲೆ, ಕೊಲ್ಲಿಯ ಒಳಗೂ ಮೆಕ್ಸಿಕೊದ ತೀರದಲ್ಲೂ ಕಳೆದವು. ಈ ಉತ್ತರಗಳನ್ನು ಆ ಅನುಭವದ ಮೇಲೆ ಬರೆದಿದ್ದೇನೆ.

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇವೆ. ಸಂಬಳದ ದೊಡ್ಡ ಪಾಲು ಮನೆ ಬಾಡಿಗೆಗೇ ಹೋಗುತ್ತಿದೆ. 34 ಅಡಿಯ ಹಳೆಯ ಹಾಯಿದೋಣಿಯೊಂದು ಸೆಕೆಂಡ್‌ಹ್ಯಾಂಡ್ ಕಾರಿನ ಬೆಲೆಗೆ ಸಿಗುತ್ತಿದೆ. ಸಾಸಲೀಟೊ ಊರಿನ ಎದುರು ಜನ ಲಂಗರು ಹಾಕಿಕೊಂಡು, ಯಾರಿಗೂ ಬಾಡಿಗೆ ಕೊಡದೆ ವರ್ಷಗಟ್ಟಲೆ ಇರುತ್ತಾರೆಂದು ಕೇಳಿದ್ದೇವೆ. ನಾವೂ ಹಾಗೆ ಇರಬಹುದೇ, ಅಥವಾ ಮರೀನಾವೇ ಸರಿಯೇ?

ಉತ್ತರ: ನೀವು ಕೇಳಿರುವುದು ರಿಚರ್ಡ್‌ಸನ್ ಕೊಲ್ಲಿಯ ಸುದ್ದಿ. ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಬಲಗಡೆಗೆ, ಸಾಸಲೀಟೊ ಮತ್ತು ಟಿಬುರಾನ್ ಊರುಗಳ ನಡುವೆ ಚಾಚಿಕೊಂಡಿರುವ, ಹೆಚ್ಚು ಆಳವಿಲ್ಲದ ನೀರು ಅದು. ಅಲ್ಲಿ ದಶಕಗಳ ಕಾಲ ಜನ ಲಂಗರಿನ ಮೇಲೆ ಬದುಕಿದ್ದು ನಿಜ, ಒಂದು ಹಂತದಲ್ಲಿ 200ಕ್ಕೂ ಹೆಚ್ಚು ದೋಣಿಗಳು ಅಲ್ಲಿದ್ದದ್ದೂ ನಿಜ. ಆದರೆ ಆ ಬಾಗಿಲು ಈಗ ಮುಚ್ಚಿದೆ. ಹೊಸದಾಗಿ ಬರುವ ದೋಣಿ ಅಲ್ಲಿ 72 ಗಂಟೆಗಿಂತ ಹೆಚ್ಚು ನಿಲ್ಲುವಂತಿಲ್ಲ. ಮೊದಲಿನಿಂದ ಇದ್ದವರನ್ನೂ ಹಂತ ಹಂತವಾಗಿ ತೆರವುಗೊಳಿಸಬೇಕೆಂದು ಅಲ್ಲಿನ ಸ್ಥಳೀಯ ಸಂಸ್ಥೆಗೂ ಕೊಲ್ಲಿಯ ಸಂರಕ್ಷಣಾ ಆಯೋಗಕ್ಕೂ 2021ರಲ್ಲಿ ಒಪ್ಪಂದವಾಯಿತು, ಅದಕ್ಕೆ 2026ರ ಅಕ್ಟೋಬರ್ ಗಡುವೆಂದು ಗೊತ್ತಾಯಿತು.

ಇದಕ್ಕೆ ಕಾರಣವನ್ನೂ ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಲಂಗರು ಹಾಕುವವರೆಲ್ಲರಿಗೂ ಅದರಲ್ಲಿ ಪಾಠವಿದೆ. ಆ ಕೊಲ್ಲಿಯ ತಳದಲ್ಲಿ ಈಲ್‌ಗ್ರಾಸ್ ಎಂಬ ಹುಲ್ಲಿನ ಹಾಸಿದೆ. ಅದು ಪಾಚಿಯಲ್ಲ, ನೀರಿನೊಳಗೇ ಬೇರುಬಿಟ್ಟು ಹೂ ಬಿಡುವ ಸಸ್ಯ. ಚಳಿಗಾಲದಲ್ಲಿ ಹೆರಿಂಗ್ ಮೀನು ಬಂದು ಅದರ ಎಲೆಗಳ ಮೇಲೆ ಮೊಟ್ಟೆ ಇಡುತ್ತದೆ, ಆ ಮೊಟ್ಟೆಯನ್ನೂ ಮೀನನ್ನೂ ನೆಚ್ಚಿಕೊಂಡು ಹಕ್ಕಿಗಳೂ ಸೀಲ್‌ಗಳೂ ಬರುತ್ತವೆ. ದೋಣಿಯೊಂದು ಒಂದೇ ಕಡೆ ವರ್ಷಗಟ್ಟಲೆ ನಿಂತರೆ, ಗಾಳಿ ಮತ್ತು ಉಬ್ಬರವಿಳಿತ ತಿರುಗಿದಂತೆಲ್ಲ ಅದೂ ತಿರುಗಿ, ತಳದಲ್ಲಿ ಬಿದ್ದಿರುವ ಸರಪಳಿ ಕುಡುಗೋಲಿನಂತೆ ಹುಲ್ಲನ್ನು ಸವರಿಹಾಕುತ್ತದೆ. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಆ ಬೋಳು ವೃತ್ತಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ. ಇದರ ಜೊತೆಗೆ ಪ್ರತಿ ಚಳಿಗಾಲದ ಬಿರುಗಾಳಿಗೂ ಒಂದೆರಡು ಹಳೆಯ ದೋಣಿಗಳು ಲಂಗರು ಕಿತ್ತುಕೊಂಡು ದಡಕ್ಕೆ ಬಂದು ಒಡೆಯುತ್ತಿದ್ದವು. ಅಲ್ಲಿದ್ದವರಲ್ಲಿ ವಯಸ್ಸಾದವರೂ ಕೈಯಲ್ಲಿ ಕಾಸಿಲ್ಲದವರೂ ಇದ್ದರು. ಅವರಲ್ಲಿ ಕೆಲವರಿಗೆ ಆ ದೋಣಿಯೇ ಉಳಿದಿದ್ದ ಕೊನೆಯ ಸೂರು. ಅವರನ್ನು ಎಬ್ಬಿಸಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಹಾಗೆಂದು ಹುಲ್ಲಿನ ಹಾಸು ಹಾಳಾಗಿದ್ದು ಸುಳ್ಳೆಂದು ಹೇಳಲಾರೆ.

ಕೊಲ್ಲಿಯ ಬೇರೆ ಕಡೆಗಳಲ್ಲಿ ಲಂಗರು ಹಾಕಲು ಜಾಗವೇ ಇಲ್ಲವೆಂದಲ್ಲ. ಟ್ರೆಷರ್ ಐಲೆಂಡ್ ಮತ್ತು ಯೆರ್ಬಾ ಬುಯೆನಾ ದ್ವೀಪಗಳ ನಡುವಿನ ಕ್ಲಿಪ್ಪರ್ ಕೋವ್ ಇದೆ, ಸ್ಯಾನ್ ಫ್ರಾನ್ಸಿಸ್ಕೊ ನಗರದ ಮಗ್ಗುಲಲ್ಲೇ ಅಕ್ವಾಟಿಕ್ ಪಾರ್ಕ್ ಇದೆ. ಇವೆಲ್ಲ ಕೆಲವು ದಿನಗಳ ತಂಗುದಾಣಗಳು, ಒಂದೊಂದಕ್ಕೂ ಅನುಮತಿಯ ನಿಯಮಗಳಿವೆ. ವಿಳಾಸವಿಟ್ಟುಕೊಂಡು, ದಿನವೂ ಕೆಲಸಕ್ಕೆ ಹೋಗಿ ಬರುತ್ತ, ವರ್ಷಪೂರ್ತಿ ಲಂಗರಿನ ಮೇಲೆ ಬದುಕಲು ನಿಮ್ಮಂಥವರಿಗೆ ಆ ಕೊಲ್ಲಿಯಲ್ಲಿ ದಾರಿಯಿಲ್ಲ.

ಇನ್ನು ಮರೀನಾ. ಅಲ್ಲಿಯೂ ಹಣ ಕೊಟ್ಟ ಮಾತ್ರಕ್ಕೆ ವಾಸದ ಹಕ್ಕು ಸಿಗುವುದಿಲ್ಲ. 1965ರಲ್ಲಿ ಸ್ಥಾಪನೆಯಾದ ಅದೇ ಸಂರಕ್ಷಣಾ ಆಯೋಗವು, ಯಾವುದೇ ಮರೀನಾದ ಒಟ್ಟು ಸ್ಲಿಪ್‌ಗಳಲ್ಲಿ, ಅಂದರೆ ದೋಣಿ ಕಟ್ಟುವ ಜಾಗಗಳಲ್ಲಿ, ಹತ್ತನೇ ಒಂದು ಪಾಲಿನಲ್ಲಿ ಮಾತ್ರ ಜನ ವಾಸವಿರಬಹುದೆಂದು ಮಿತಿ ಹಾಕಿದೆ. 400 ದೋಣಿಗಳ ಮರೀನಾದಲ್ಲಿ 40 ಮನೆಗಳು ಎಂದು ಲೆಕ್ಕ. ಕೊಲ್ಲಿಯ ನೀರು ಎಲ್ಲರ ಸ್ವತ್ತು, ಅದರ ಮೇಲೆ ಯಾರೂ ಮನೆ ಕಟ್ಟಿಕೊಳ್ಳುವಂತಿಲ್ಲ ಎಂಬುದು ಮೂಲ ತತ್ತ್ವ; ರಾತ್ರಿ ಹೊತ್ತು ಕೆಲವರು ಅಲ್ಲಿದ್ದರೆ ಕಳ್ಳತನ, ಬೆಂಕಿ, ಮುಳುಗುವ ದೋಣಿಗಳ ಮೇಲೆ ಕಣ್ಣಿರುತ್ತದೆಂಬ ಕಾರಣಕ್ಕೆ ಆ ಹತ್ತನೇ ಪಾಲಿನ ವಿನಾಯಿತಿ. ಇದರಿಂದಾಗಿ ಲೈವ್‌ಅಬೋರ್ಡ್, ಅಂದರೆ ವಾಸವಿರಬಹುದಾದ, ಜಾಗಕ್ಕೆ ಕಾಯುವವರ ಪಟ್ಟಿ ಹಲವು ಕಡೆ ಉದ್ದವಿದೆ. ಬಾಡಿಗೆಯನ್ನು ದೋಣಿಯ ಉದ್ದದ ಮೇಲೆ, ತಿಂಗಳಿಗೆ ಅಡಿಗೆ ಇಷ್ಟೆಂದು ಲೆಕ್ಕ ಹಾಕುತ್ತಾರೆ. ವಾಸವಿರುವವರಿಗೆ ಅದರ ಮೇಲೆ ಬೇರೆ ಶುಲ್ಕವೂ ಇರುತ್ತದೆ. ಎಲ್ಲ ಸೇರಿದರೂ ಫ್ರೀಮಾಂಟ್‌ನ ಮನೆ ಬಾಡಿಗೆಗಿಂತ ಬಹಳ ಕಡಿಮೆಯೇ. ಆದರೆ ನೀವು ಕೊಳ್ಳಬೇಕೆಂದಿರುವುದು ಹಳೆಯ ದೋಣಿ. ಮರೀನಾದವರು ವಿಮೆ ಕೇಳುತ್ತಾರೆ, ವಿಮೆಯವರು ದೋಣಿಯನ್ನು ಪರೀಕ್ಷಿಸಿದ ಸರ್ವೇಯರ್‌ನ ವರದಿ ಕೇಳುತ್ತಾರೆ, ವರದಿಯಲ್ಲಿ ಬರುವ ದುರಸ್ತಿಗಳ ಪಟ್ಟಿ ದೋಣಿಯ ಬೆಲೆಯನ್ನೇ ಮೀರಬಹುದು. ಆದ್ದರಿಂದ ಲೈವ್‌ಅಬೋರ್ಡ್ ಜಾಗ ನಿಮ್ಮ ಹೆಸರಿಗೆ ಬರೆದುಕೊಟ್ಟ ಮೇಲೆ, ಸರ್ವೇ ಮಾಡಿಸಿ, ಆಮೇಲೆ ದೋಣಿಗೆ ಮುಂಗಡ ಕೊಡಿ. ಈ ಕ್ರಮವನ್ನು ತಿರುಗಿಸಿಕೊಂಡವರು ಪಟ್ಟ ಪಾಡನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅನುಮತಿಯಿಲ್ಲದೆ ಕದ್ದು ವಾಸಿಸುವವರೂ ಇದ್ದಾರೆ. ರಾತ್ರಿ ದೀಪ ಹಚ್ಚಲು ಹೆದರಿಕೊಂಡು, ಬಟ್ಟೆ ಒಣಗಿಸಲು ಹೆದರಿಕೊಂಡು ಬದುಕುವುದನ್ನು ವಾಸವೆಂದು ಕರೆಯಲು ನನಗೆ ಮನಸ್ಸಿಲ್ಲ.

ನನ್ನನ್ನು ಕೇಳಿದರೆ, ಮೊದಲ ಒಂದು ಪೂರ್ತಿ ಚಳಿಗಾಲವನ್ನು ಮರೀನಾದಲ್ಲಿಯೇ ಕಳೆಯಿರಿ. ಮರೀನಾದ ಬದುಕು ನಮ್ಮ ಹಳೆಯ ವಠಾರದ ಬದುಕಿನಂಥದು. ಪಕ್ಕದವರ ಕೆಮ್ಮು ಕೇಳುತ್ತದೆ, ಸ್ನಾನದ ಮನೆಗೆ ಸಾಲು ನಿಲ್ಲಬೇಕಾಗುತ್ತದೆ. ಆದರೆ ದೋಣಿಯ ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪ್ ಎಡೆಬಿಡದೆ ನೀರು ಉಗುಳುತ್ತಿದ್ದರೆ ನೀವು ಆಫೀಸಿನಲ್ಲಿರುವಾಗ ಯಾರೋ ಒಬ್ಬರು ನೋಡಿ ಫೋನು ಮಾಡುತ್ತಾರೆ. ಮಳೆಯಲ್ಲಿ ಯಾವ ಕಿಟಕಿ ಸೋರುತ್ತದೆ, ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ ಹಾಸಿಗೆಯ ಅಡಿ ಎಷ್ಟು ತೇವವಾಗುತ್ತದೆ, ಎಂಜಿನ್ ಚಳಿಯಲ್ಲಿ ಮೊದಲ ಸಲಕ್ಕೇ ಹೊತ್ತಿಕೊಳ್ಳುತ್ತದೆಯೇ ಎಂಬುದೆಲ್ಲ ಅಲ್ಲಿ ಗೊತ್ತಾಗಬೇಕು. ಲಂಗರಿನ ವಾಸ ಮಲೆನಾಡಿನ ಒಂಟಿ ಮನೆಯಂತೆ. ಅಲ್ಲಿ ಕರೆದರೆ ಓಗೊಡುವವರಿಲ್ಲ. ಆ ಮನೆಗೆ ಹೋಗುವ ಮುಂಚೆ ದೋಣಿಯ ರೋಗಗಳೆಲ್ಲ ನಿಮಗೆ ಗೊತ್ತಿರಬೇಕು. ಬಾಡಿಗೆ ಉಳಿಸಲೆಂದು ಲಂಗರಿಗೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ಮರೀನಾದಲ್ಲಿ ಹಣದಲ್ಲಿ ಕೊಡುವುದನ್ನು ಲಂಗರಿನಲ್ಲಿ ನಿದ್ದೆಯಲ್ಲಿ, ದುಡಿಮೆಯಲ್ಲಿ, ಗಮನದಲ್ಲಿ ಕೊಡಬೇಕಾಗುತ್ತದೆ. ಇಬ್ಬರೂ ಹಗಲೆಲ್ಲ ಆಫೀಸಿನಲ್ಲಿರುವವರಿಗೆ ಅದನ್ನು ಕೊಡಲು ಆಗುವುದಿಲ್ಲ.

ಪ್ರಶ್ನೆ: ನಾನು ಮನೆಯಿಂದಲೇ ಕೆಲಸ ಮಾಡುವವನು. ಲಂಗರು ಹಾಕಿದ ದೋಣಿಯಲ್ಲಿ ಕರೆಂಟಿಗೂ ಕುಡಿಯುವ ನೀರಿಗೂ ಏನು ಮಾಡಬೇಕು? ಮರೀನಾಕ್ಕೆ ಹೋಲಿಸಿದರೆ ವ್ಯತ್ಯಾಸ ಎಷ್ಟು? — ಓದುಗರು, ಬೆಂಗಳೂರು

ಉತ್ತರ: ಅಮೆರಿಕದ ಮರೀನಾದಲ್ಲಿ ಸಾಮಾನ್ಯವಾಗಿ ಧಕ್ಕೆಯ ಕಂಬದಿಂದ 120 ವೋಲ್ಟ್, 30 ಆಂಪಿಯರ್ ಕರೆಂಟು ಸಿಗುತ್ತದೆ, ಅಂದರೆ 3,600 ವಾಟ್. ಹೀಟರ್, ಫ್ರಿಜ್ಜು, ಲ್ಯಾಪ್‌ಟಾಪ್ ಎಲ್ಲವೂ ನಡೆಯುತ್ತವೆ, ಲೆಕ್ಕವಿಡುವ ಅಗತ್ಯ ಬೀಳುವುದಿಲ್ಲ. ಲಂಗರಿನಲ್ಲಿ ಪ್ರತಿಯೊಂದಕ್ಕೂ ಲೆಕ್ಕವಿಡಬೇಕು. 60 ವಾಟ್ ಎಳೆಯುವ ಲ್ಯಾಪ್‌ಟಾಪ್ ಎಂಟು ಗಂಟೆ ನಡೆದರೆ 12 ವೋಲ್ಟಿನ ಬ್ಯಾಟರಿಯಿಂದ 40 ಆಂಪಿಯರ್-ಗಂಟೆ ಖರ್ಚಾಗುತ್ತದೆ, ಸಣ್ಣ ಫ್ರಿಜ್ಜು ದಿನಕ್ಕೆ ಅದಕ್ಕಿಂತಲೂ ಹೆಚ್ಚು ತಿನ್ನಬಹುದು. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಷ್ಯ ಕುಗ್ಗುತ್ತದೆ, ಆದ್ದರಿಂದ 200 ಆಂಪಿಯರ್-ಗಂಟೆಯ ಬ್ಯಾಟರಿ ಎಂದರೆ ನಿಮಗೆ ದಕ್ಕುವುದು 100 ಮಾತ್ರ. ಬೇಸಿಗೆಯಲ್ಲಿ 400 ವಾಟ್ ಸೌರಫಲಕ ಇಷ್ಟನ್ನು ತುಂಬಿಕೊಡುತ್ತದೆ. ಡಿಸೆಂಬರ್‌ನ ಮೋಡ ಮುಸುಕಿದ ವಾರದಲ್ಲಿ ಅರ್ಧವನ್ನೂ ಕೊಡುವುದಿಲ್ಲ, ಆಗ ಎಂಜಿನ್ ಓಡಿಸಿ ತುಂಬಿಸಿಕೊಳ್ಳಬೇಕು.

ನೀರಿನ ವಿಷಯದಲ್ಲಿ ನನ್ನ ದೋಣಿಯ ಟ್ಯಾಂಕು 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್ ಹಿಡಿಯುತ್ತಿತ್ತು. ಮರೀನಾದಲ್ಲಿ ಅದು ಎರಡೇ ದಿನಕ್ಕೆ ಖಾಲಿಯಾಗುತ್ತಿತ್ತು, ಲಂಗರಿನಲ್ಲಿ ಹನ್ನೆರಡು ದಿನ ಬರುತ್ತಿತ್ತು. ಪಾತ್ರೆಯನ್ನು ಮೊದಲು ಸಮುದ್ರದ ನೀರಿನಲ್ಲಿ ತಿಕ್ಕಿ, ಕೊನೆಗೆ ಒಂದು ಲೋಟ ಸಿಹಿನೀರಿನಲ್ಲಿ ತೊಳೆಯುವುದನ್ನು ಕಲಿತರೆ ಇದು ಕಷ್ಟವಲ್ಲ. ಬಾವಿಯಿಂದ ನೀರು ಸೇದಿ ಬೆಳೆದವರು ಇದನ್ನು ಒಂದೇ ವಾರದಲ್ಲಿ ರೂಢಿಸಿಕೊಳ್ಳುತ್ತಾರೆ.

ಪ್ರಶ್ನೆ: ನನ್ನ ಮಗ ಮತ್ತು ಸೊಸೆ ಮೆಕ್ಸಿಕೊದ ಲಾ ಪಾಜ್ ಎಂಬ ಊರಿನ ಎದುರು, ಲಂಗರು ಹಾಕಿದ ದೋಣಿಯಲ್ಲಿದ್ದಾರೆ. ಮೊದಲು ಮರೀನಾದಲ್ಲಿದ್ದಾಗ ನನಗೆ ಅಷ್ಟು ಭಯವಿರಲಿಲ್ಲ. ಈಗ ರಾತ್ರಿ ಗಾಳಿ ಬಂದು ಹಗ್ಗ ಕಡಿದರೆ ಏನು ಗತಿ ಎಂದು ನಿದ್ದೆ ಬರುವುದಿಲ್ಲ. ಅವರಾದರೂ ಹೇಗೆ ನಿದ್ದೆ ಮಾಡುತ್ತಾರೆ? — ಒಬ್ಬ ತಾಯಿ, ಉಡುಪಿ

ಉತ್ತರ: ತಾಯಿ, ನಿಮ್ಮ ಭಯ ಸಹಜವಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಗೂಟಕ್ಕೆ ಕಟ್ಟಿದ ದನದಂತೆ ದೋಣಿ ಹಗ್ಗದ ತುದಿಯಲ್ಲಿ ನಿಂತಿದೆಯೆಂದು ನೀವು ಭಾವಿಸಿದ್ದರೆ, ಅದು ನಿಲ್ಲುವ ಬಗೆಯನ್ನು ತಿಳಿಸಿದರೆ ಸ್ವಲ್ಪ ಸಮಾಧಾನವಾದೀತು.

ಇಂದಿನ ಸಣ್ಣ ದೋಣಿಗಳ ಲಂಗರು ನೇಗಿಲಿನ ಜಾತಿಗೆ ಸೇರಿದ್ದು. 1933ರಲ್ಲಿ ಜಿ. ಐ. ಟೇಲರ್ ಎಂಬ ಇಂಗ್ಲಿಷ್ ಗಣಿತಜ್ಞರು ನೇಗಿಲಿನ ಗುಳದ ಆಕಾರದಲ್ಲೇ ಒಂದು ಲಂಗರನ್ನು ರೂಪಿಸಿದರು, ಈಗ ಬಳಕೆಯಲ್ಲಿರುವ ಹಲವು ಲಂಗರುಗಳು ಅದರ ಮುಂದಿನ ಪೀಳಿಗೆಯವು. ಉಳುವವರಿಗೆ ಗೊತ್ತಿರುವಂತೆ, ಗುಳವನ್ನು ನೆಲಕ್ಕೆ ಒರಗಿಸಿ ಎಳೆದರೆ ಅದು ಇನ್ನಷ್ಟು ಆಳಕ್ಕೆ ಇಳಿಯುತ್ತದೆ, ಮೇಲಕ್ಕೆತ್ತಿ ಎಳೆದರೆ ಮಣ್ಣಿನಿಂದ ಹೊರಬರುತ್ತದೆ. ಲಂಗರಿನ ಗುಟ್ಟೂ ಇಷ್ಟೇ. ಎಳೆತ ನೆಲದ ಮಟ್ಟದಲ್ಲಿ ಬರುವಂತೆ ಮಾಡಲು ಭಾರವಾದ ಸರಪಳಿಯನ್ನು, ನೀರಿನ ಆಳದ ಐದಾರು ಪಟ್ಟು ಉದ್ದ ಬಿಡುತ್ತಾರೆ. ಹಗ್ಗವಾದರೆ ಏಳು ಪಟ್ಟು. ಆ ಸರಪಳಿಯ ಹೆಚ್ಚಿನ ಭಾಗ ಸಮುದ್ರದ ತಳದಲ್ಲಿ ಸುಮ್ಮನೆ ಬಿದ್ದಿರುತ್ತದೆ. ಸಾಧಾರಣ ಗಾಳಿಗೆ ದೋಣಿಯನ್ನು ತಡೆಯಲು ಆ ಸರಪಳಿಯ ಭಾರವೇ ಸಾಕು, ಲಂಗರಿನ ತನಕ ಎಳೆತ ಹೋಗುವುದೇ ಇಲ್ಲ. ಲಂಗರು ಇಳಿಸಿದ ಮೇಲೆ ಎಂಜಿನ್ ಹಿಮ್ಮುಖವಾಗಿ ಓಡಿಸಿ, ಅದು ನೆಲ ಕಚ್ಚಿದೆಯೆಂದು ಖಚಿತಪಡಿಸಿಕೊಳ್ಳುತ್ತಾರೆ. ಫೋನಿನಲ್ಲಿಯೋ ಜಿಪಿಎಸ್‌ನಲ್ಲಿಯೋ ಒಂದು ವೃತ್ತ ಗುರುತಿಸಿಟ್ಟರೆ, ದೋಣಿ ಅದರಿಂದ ಆಚೆ ಸರಿದ ಕೂಡಲೇ ಗಂಟೆ ಬಾರಿಸಿ ಎಬ್ಬಿಸುತ್ತದೆ. ಚೆನ್ನಾಗಿ ಹಾಕಿದ ಲಂಗರಿನ ಸರಪಳಿ ಕಡಿದು ಹೋಗುವುದು ಬಹಳ ಅಪರೂಪ.

ಆಗುವ ತಪ್ಪು ಬೇರೆ ಕಡೆ ಇರುತ್ತದೆ. ನನ್ನದೇ ಒಂದು ರಾತ್ರಿಯನ್ನು ಹೇಳುತ್ತೇನೆ. ಜನವರಿ ತಿಂಗಳಲ್ಲಿ ಕ್ಲಿಪ್ಪರ್ ಕೋವ್‌ನಲ್ಲಿ ಸಂಜೆ ಇಳಿತದ ಹೊತ್ತಿಗೆ ಲಂಗರು ಹಾಕಿದೆ. ಆಳ ಹತ್ತು ಅಡಿ ಇತ್ತು, ಐದು ಪಟ್ಟೆಂದು 50 ಅಡಿ ಸರಪಳಿ ಬಿಟ್ಟೆ. ನೀರಿನ ಮಟ್ಟದಿಂದ ದೋಣಿಯ ಮೂತಿಗೆ ಇನ್ನೂ ನಾಲ್ಕು ಅಡಿ ಎತ್ತರವಿದೆ ಎಂಬುದನ್ನೂ, ರಾತ್ರಿಯ ಉಬ್ಬರಕ್ಕೆ ಅಲ್ಲಿ ನೀರು ಆರು ಅಡಿ ಏರುತ್ತದೆ ಎಂಬುದನ್ನೂ ದಣಿವಿನಲ್ಲಿ ಲೆಕ್ಕಕ್ಕೆ ಹಿಡಿಯಲಿಲ್ಲ. ಹತ್ತು, ನಾಲ್ಕು, ಆರು ಸೇರಿ ಇಪ್ಪತ್ತು. ನಾನು ಬಿಡಬೇಕಾಗಿದ್ದದ್ದು 100 ಅಡಿ. ನಡುರಾತ್ರಿ ಎರಡರ ಸುಮಾರಿಗೆ ಆಗ್ನೇಯದ ಗಾಳಿ ಎದ್ದಿತು. ನನ್ನನ್ನು ಎಬ್ಬಿಸಿದ್ದು ಸದ್ದಲ್ಲ, ದೋಣಿ ಒಲೆಯುವ ಲಯ ಬದಲಾದದ್ದು. ಗಾಳಿಗೆ ಮೂತಿ ಕೊಟ್ಟು ನಿಲ್ಲಬೇಕಾದ ದೋಣಿ ಅಡ್ಡ ತಿರುಗಿತ್ತು. ಮುಂದಕ್ಕೆ ಹೋಗಿ ಸರಪಳಿಯ ಮೇಲೆ ಅಂಗೈ ಇಟ್ಟೆ. ನೆಲ ಕಚ್ಚಿದ ಲಂಗರಿನ ಸರಪಳಿ ಬಿಗಿಯುತ್ತದೆ, ಸಡಿಲವಾಗುತ್ತದೆ, ಆದರೆ ನಡುಗುವುದಿಲ್ಲ. ಅಂದು ಅದು ಕಲ್ಲು ರಸ್ತೆಯ ಮೇಲೆ ಹೋಗುವ ಎತ್ತಿನ ಗಾಡಿಯ ಮೂಕಿಯಂತೆ ಗಡಗಡನೆ ಅದುರುತ್ತಿತ್ತು. ಲಂಗರು ಕೆಸರನ್ನು ಉಳುತ್ತ ಹಿಂದಕ್ಕೆ ಬರುತ್ತಿತ್ತು. ಎಂಜಿನ್ ಹೊತ್ತಿಸಿ, ಎಳೆತ ತಗ್ಗಿಸಿ, ಇನ್ನೂ 80 ಅಡಿ ಸರಪಳಿ ಬಿಟ್ಟ ಮೇಲೆ ಅದುರುವುದು ನಿಂತಿತು. ಬೆಳಗಾಗುವ ತನಕ ದಡದ ಎರಡು ದೀಪಗಳನ್ನು ಒಂದರ ಹಿಂದೊಂದು ಹೊಂದಿಸಿ ನೋಡುತ್ತ ಕುಳಿತೆ. ಅವು ಒಂದರಿಂದೊಂದು ದೂರ ಸರಿಯಲಿಲ್ಲ. ಆ ಎಂಬತ್ತು ಅಡಿ ಸರಪಳಿ ಮೊದಲಿನಿಂದಲೂ ದೋಣಿಯಲ್ಲೇ ಇತ್ತು, ನಾನೇ ಬಿಟ್ಟಿರಲಿಲ್ಲ.

ಲಾ ಪಾಜ್‌ಗೆ ತನ್ನದೇ ಆದ ಗುಣವಿದೆ. ಬೇಸಿಗೆಯ ಸಂಜೆಗಳಲ್ಲಿ ಅಲ್ಲಿ ಕೊರೊಮುವೆಲ್ ಎಂಬ ಗಾಳಿ ತೆಂಕಣದಿಂದ ಎದ್ದು ರಾತ್ರಿಯೆಲ್ಲ ಬೀಸುತ್ತದೆ. ಸೆಕೆಯ ಊರಿಗೆ ಅದು ತಂಪು ತರುವುದರಿಂದ ಅಲ್ಲಿಯವರಿಗೆ ಪ್ರಿಯವಾದ ಗಾಳಿ. ಊರಿಗೂ ಎಲ್ ಮೊಗೊಟೆ ಎಂಬ ಮರಳಿನ ನಾಲಗೆಗೂ ನಡುವೆ ಉಬ್ಬರವಿಳಿತದ ಸೆಳೆತ ಜೋರಾಗಿದೆ. ಗಾಳಿ ಒಂದು ಕಡೆಗೆ, ಸೆಳೆತ ಇನ್ನೊಂದು ಕಡೆಗೆ ಎಳೆಯುವಾಗ ಅಕ್ಕಪಕ್ಕದ ದೋಣಿಗಳು ಬೇರೆ ಬೇರೆ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಅದನ್ನು ಅಲ್ಲಿಯವರು ಲಾ ಪಾಜ್ ವಾಲ್ಟ್ಸ್, ಅಂದರೆ ದೋಣಿಗಳ ಕುಣಿತ ಎಂದು ಕರೆಯುತ್ತಾರೆ. ಆದ್ದರಿಂದ ಅಲ್ಲಿ ನೆರೆಯ ದೋಣಿಯಿಂದ ಸಾಕಷ್ಟು ದೂರವಿರುವುದು ಮುಖ್ಯ. ಲಂಗರಿನ ಹಿಡಿತ ಸರಿಯಿದ್ದೂ ತಿರುಗುವ ದಾರಿಯಲ್ಲಿ ಇನ್ನೊಂದು ದೋಣಿ ಸಿಕ್ಕಿ ಡಿಕ್ಕಿಯಾಗುವುದುಂಟು.

ನೀವು ಮಗನನ್ನು ನಿಜವಾಗಿ ಕೇಳಬೇಕಾದ ಪ್ರಶ್ನೆಗಳು ಎರಡು. ಮೊದಲನೆಯದು, ಆಗಸ್ಟ್‌ನಿಂದ ಅಕ್ಟೋಬರ್ ತನಕ ನೀವು ಎಲ್ಲಿರುತ್ತೀರಿ ಎಂಬುದು. ಆ ತೀರಕ್ಕೆ ಚಂಡಮಾರುತ ಬರುವುದು ಹೆಚ್ಚಾಗಿ ಆ ತಿಂಗಳುಗಳಲ್ಲಿ. 2014ರ ಸೆಪ್ಟೆಂಬರ್‌ನಲ್ಲಿ ಒಡೈಲ್ ಚಂಡಮಾರುತ ಬಂದಾಗ ಲಾ ಪಾಜ್‌ನಲ್ಲಿ ಲಂಗರು ಹಾಕಿದ್ದ ಹಲವು ದೋಣಿಗಳು ದಡಕ್ಕೆ ಅಪ್ಪಳಿಸಿದವು, ಜೀವಗಳೂ ಹೋದವು. ಅಂಥ ಗಾಳಿಗೆ ಯಾವ ಲಂಗರನ್ನೂ ನಂಬಿ ದೋಣಿಯಲ್ಲಿ ಉಳಿಯಬಾರದು. ದೋಣಿಯನ್ನು ಮರೀನಾಕ್ಕೆ ತಂದು ಕಟ್ಟಿ, ಇಲ್ಲವೇ ಕ್ರೇನಿನಿಂದ ನೆಲಕ್ಕೆ ಎತ್ತಿಸಿ, ಅವರಿಬ್ಬರೂ ಊರಿನೊಳಗೆ ಇರಬೇಕು.

ಎರಡನೆಯದು, ದೋಣಿಯಿಂದ ದಡಕ್ಕೆ ಹೋಗಿ ಬರುವಾಗ ಲೈಫ್ ಜಾಕೆಟ್ ಹಾಕಿಕೊಳ್ಳುತ್ತೀರಾ ಎಂಬುದು. ನನ್ನ ಅನುಭವದಲ್ಲಿ ಲಂಗರಿನ ಬದುಕಿನ ದೊಡ್ಡ ಅಪಾಯ ಲಂಗರಿನದಲ್ಲ, ಡಿಂಗಿ ಎಂಬ ಆ ಪುಟ್ಟ ದೋಣಿಯದು. ಹಾಲು, ತರಕಾರಿ, ನೀರು, ಡೀಸೆಲ್ ಎಲ್ಲವೂ ಅದರಲ್ಲೇ ಬರಬೇಕು. ಕತ್ತಲಲ್ಲಿ, ಎದುರು ಅಲೆಯಲ್ಲಿ, ಊಟ ಮುಗಿಸಿ ಬರುವಾಗ ಅದು ಮಗುಚಿದರೆ ಯಾರಿಗೂ ಗೊತ್ತಾಗುವುದಿಲ್ಲ. ಇವೆರಡಕ್ಕೂ ಅವನು ತಡವರಿಸದೆ ಉತ್ತರ ಕೊಟ್ಟರೆ ನೀವು ನೆಮ್ಮದಿಯಿಂದ ನಿದ್ದೆ ಮಾಡಬಹುದು.

ಪ್ರಶ್ನೆ: ನಮ್ಮ ದೋಣಿ ಅಲಮೇಡಾದ ಮರೀನಾದಲ್ಲಿದೆ. ನೀರಿನಡಿಯಲ್ಲಿ ಹಾಕುವ ಸತುವಿನ ತುಂಡು ವರ್ಷ ಬರಬೇಕಾಗಿದ್ದು ನಾಲ್ಕೇ ತಿಂಗಳಿಗೆ ಕರಗಿಹೋಗಿದೆ. ಸಮುದ್ರಕ್ಕೆ ಹೋಗದ ದೋಣಿಗೆ ಹೀಗೇಕೆ ಆಯಿತು?

ಉತ್ತರ: ಧಕ್ಕೆಯ ಕರೆಂಟಿನ ತಂತಿಯೇ ಕಾರಣವಿರಬೇಕು. ಉಪ್ಪು ನೀರಿನಲ್ಲಿ ಎರಡು ಬಗೆಯ ಲೋಹಗಳು ಸೇರಿದರೆ ಬ್ಯಾಟರಿಯಂತಾಗುತ್ತವೆ, ಅವುಗಳಲ್ಲಿ ಬಡವಾದ ಲೋಹ ಕರಗುತ್ತದೆ. ಕಂಚಿನ ಪ್ರೊಪೆಲ್ಲರ್ ಉಳಿಯಲೆಂದು ಸತುವನ್ನು ಬಲಿ ಕೊಡುವುದು ಅದಕ್ಕಾಗಿಯೇ. ನೀವು ಧಕ್ಕೆಯ ಕರೆಂಟಿಗೆ ಪ್ಲಗ್ ಹಾಕಿದಾಗ ಅರ್ಥ್ ತಂತಿಯ ಮೂಲಕ ನಿಮ್ಮ ದೋಣಿಯೂ ನೆರೆಹೊರೆಯ ದೋಣಿಗಳೂ ಒಂದೇ ಬ್ಯಾಟರಿಯ ಭಾಗಗಳಾಗುತ್ತವೆ. ಪಕ್ಕದವರು ಸತು ಬದಲಾಯಿಸದೆ ಬಿಟ್ಟಿದ್ದರೆ ನಿಮ್ಮ ಸತು ಅವರ ದೋಣಿಯನ್ನೂ ಕಾಯುತ್ತ ಬೇಗ ಕರಗುತ್ತದೆ. ಗ್ಯಾಲ್ವಾನಿಕ್ ಐಸೊಲೇಟರ್ ಎಂಬ ಸಣ್ಣ ಸಾಧನವನ್ನು ಆ ತಂತಿಗೆ ಹಾಕಿಸಿ, ತಿಳಿದ ಎಲೆಕ್ಟ್ರಿಷಿಯನ್‌ನಿಂದಲೇ ಹಾಕಿಸಿ. ಅರ್ಥ್ ತಂತಿಯನ್ನೇ ಕತ್ತರಿಸಿದರೆ ಸಾಕೆಂದು ಹೇಳುವವರಿದ್ದಾರೆ. ಅದು ಪ್ರಾಣಕ್ಕೆ ಅಪಾಯ, ಎಂದಿಗೂ ಮಾಡಬೇಡಿ. ಮರೀನಾದಲ್ಲಿದ್ದರೆ ದೋಣಿ ಕ್ಷೇಮವೆಂದು ಕಣ್ಣುಮುಚ್ಚಿ ಕೂರುವಂತಿಲ್ಲ. ಮುಳುಗುವ ದೋಣಿಗಳಲ್ಲಿ ಹೆಚ್ಚಿನವು ಧಕ್ಕೆಗೆ ಕಟ್ಟಿದ್ದಲ್ಲೇ ಮುಳುಗುತ್ತವೆಂದು ವಿಮೆಯವರು ಬಹುಕಾಲದಿಂದ ಹೇಳುತ್ತಿದ್ದಾರೆ. ಯಾರೂ ನೋಡದ ಒಂದು ಕೊಳವೆ, ಸತ್ತ ಬ್ಯಾಟರಿ, ನಿಂತುಹೋದ ಪಂಪು, ಇಷ್ಟು ಸಾಕು.

ಪ್ರಶ್ನೆ: ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳುತ್ತೇನೆ. ದೋಣಿಯ ಶೌಚಾಲಯದ ಹೊಲಸು ಎಲ್ಲಿಗೆ ಹೋಗುತ್ತದೆ? — ಓದುಗರು, ದಾವಣಗೆರೆ

ಉತ್ತರ: ಸಂಕೋಚ ಬೇಡ, ಇದು ಕೇಳಬೇಕಾದ ಪ್ರಶ್ನೆಯೇ. ಅಮೆರಿಕದಲ್ಲಿ ದಡದಿಂದ ಮೂರು ನಾಟಿಕಲ್ ಮೈಲಿಯೊಳಗೆ ಸಂಸ್ಕರಿಸದ ಮಲಿನವನ್ನು ಸಮುದ್ರಕ್ಕೆ ಬಿಡುವುದು ಕಾನೂನುಬಾಹಿರ. ರಿಚರ್ಡ್‌ಸನ್ ಕೊಲ್ಲಿಯಂಥ ಕೆಲವು ಕಡೆ ಸಂಸ್ಕರಿಸಿದ್ದನ್ನೂ ಬಿಡುವಂತಿಲ್ಲ. ದೋಣಿಯೊಳಗಿನ ಹೋಲ್ಡಿಂಗ್ ಟ್ಯಾಂಕಿನಲ್ಲಿ ಕೂಡಿಟ್ಟು, ಮರೀನಾಗಳಲ್ಲಿರುವ ಪಂಪ್‌ಔಟ್ ಯಂತ್ರದಿಂದ ಹೀರಿಸಿ ಊರಿನ ಒಳಚರಂಡಿಗೆ ಸೇರಿಸಬೇಕು. ಮರೀನಾದಲ್ಲಿ ಇರುವವರು ದಡದ ಶೌಚಾಲಯವನ್ನೇ ಬಳಸುವುದರಿಂದ ಟ್ಯಾಂಕು ಬೇಗ ತುಂಬುವುದಿಲ್ಲ. ಲಂಗರಿನಲ್ಲಿ ಇಬ್ಬರಿಗೆ 20 ಗ್ಯಾಲನ್ ಟ್ಯಾಂಕು ಒಂದು ವಾರ ಬಂದರೆ ಹೆಚ್ಚು. ಟ್ಯಾಂಕು ತುಂಬಿದ ದಿನ ಎಂಥ ಗಾಳಿಯಿದ್ದರೂ ಲಂಗರೆತ್ತಿ ಪಂಪ್‌ಔಟ್‌ಗೆ ಹೋಗಬೇಕು; ರಾತ್ರಿ ಕತ್ತಲಲ್ಲಿ ಕವಾಟ ತಿರುಗಿಸಿಬಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಅದೇ ನೀರಿನಲ್ಲಿ ಮಕ್ಕಳು ಈಜುತ್ತಾರೆ.

ಪ್ರಶ್ನೆ: ನಾನು ಕುಮಟಾದವನು. ಮರ್ಚೆಂಟ್ ನೇವಿಯಿಂದ ನಿವೃತ್ತನಾಗಿದ್ದೇನೆ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಹೀಗೆ ಹಾಯಿದೋಣಿಯಲ್ಲಿ ಬದುಕಲು ಸಾಧ್ಯವೇ? ಮರೀನಾ ಇಲ್ಲದಿದ್ದರೆ ಲಂಗರು ಹಾಕಿಯಾದರೂ ಇರಬಹುದೇ?

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ಸುಮಾರು 300 ಕಿಲೋಮೀಟರ್ ಉದ್ದದ ನಮ್ಮ ಕರಾವಳಿಯ ಬಂದರುಗಳು ಸರಕಿನ ಹಡಗು ಮತ್ತು ಮೀನುಗಾರಿಕೆಯ ದೋಣಿಗಳಿಗಾಗಿ ಇರುವವು. ಕಾರವಾರ, ಮಲ್ಪೆ, ಮಂಗಳೂರು ಯಾವುದರಲ್ಲೂ ಹಾಯಿದೋಣಿಯಲ್ಲಿ ಸಂಸಾರ ಹೂಡುವವರಿಗೆ ಬೇಕಾದ ವ್ಯವಸ್ಥೆಯಿಲ್ಲ. ನಮಗೆ ಹತ್ತಿರದ ಮರೀನಾ ಎಂದರೆ 2010ರಲ್ಲಿ ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದಲ್ಲಿ ತೆರೆದದ್ದು.

ಲಂಗರಿನ ವಾಸಕ್ಕೆ ನಮ್ಮಲ್ಲಿ ಅಡ್ಡಿ ಬರುವುದು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ ನೈಋತ್ಯದ ಗಾಳಿ ಮತ್ತು ಅಲೆ ನೇರವಾಗಿ ತೀರಕ್ಕೆ ಬಡಿಯುತ್ತವೆ, ಹೊರಗಿನ ಕಡಲಿನಲ್ಲಿ ಮರೆಯೆಂಬುದೇ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದು ಮೀನಿನ ಸಂತಾನಕ್ಕಾಗಿ ಎಂಬುದು ನಿಜವಾದರೂ, ಆ ಕಡಲಿಗೆ ಇಳಿಯಲು ದೋಣಿಗಳಿಗೂ ಧೈರ್ಯವಿರುವುದಿಲ್ಲ. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೊತ್ತು ಹೋಗುವ ಮಂಜಿ ಎಂಬ ಮರದ ಹಡಗುಗಳೂ ಮಳೆಗಾಲದಲ್ಲಿ ಬಂದರಿನಲ್ಲೇ ಉಳಿಯುತ್ತವೆ. ಆಗ ಮರೆ ಸಿಗುವುದು ನದಿಗಳ ಒಳಗೆ ಮಾತ್ರ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಲ್ಲದರ ಅಳಿವೆಯಲ್ಲೂ ಮರಳಿನ ದಿಬ್ಬವಿದೆ, ಅದು ಪ್ರತಿ ಮಳೆಗಾಲದಲ್ಲಿ ಜಾಗ ಬದಲಿಸುತ್ತದೆ. ಹಾಯಿದೋಣಿಗೆ ನೀರಿನಡಿ ಐದಾರು ಅಡಿ ಆಳಕ್ಕೆ ಚಾಚಿದ ಕೀಲ್ ಇರುತ್ತದೆ, ಚಪ್ಪಟೆ ತಳದ ನಾಡದೋಣಿ ತೇಲಿಹೋಗುವ ಕಡೆ ಅದು ಮರಳಿಗೆ ತಾಗಿ ನಿಲ್ಲುತ್ತದೆ. ಜೊತೆಗೆ ಕಾರವಾರದ ಸುತ್ತಲಿನ ನೀರಿನಲ್ಲಿ ನೌಕಾನೆಲೆಯ ನಿರ್ಬಂಧಗಳಿವೆ. ಆದ್ದರಿಂದ ಎಲ್ಲೇ ಲಂಗರು ಹಾಕುವುದಿದ್ದರೂ ಮುಂಚೆ ಬಂದರು ಕಚೇರಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ.

ಹೀಗಿದ್ದೂ ನವೆಂಬರ್‌ನಿಂದ ಏಪ್ರಿಲ್ ತನಕ ಇಲ್ಲಿಯ ಕಡಲು ಬಹಳ ಸೌಮ್ಯವಾದದ್ದು. ಬೆಳಗ್ಗೆ ನೆಲದ ಗಾಳಿ, ಮಧ್ಯಾಹ್ನದ ಮೇಲೆ ವಾಯವ್ಯದ ಕಡಲ ಗಾಳಿ. ಉಬ್ಬರವಿಳಿತವೂ ಕ್ಯಾಲಿಫೋರ್ನಿಯಾದಷ್ಟು ದೊಡ್ಡದಲ್ಲ. ಆರು ತಿಂಗಳು ಇಲ್ಲಿ ಲಂಗರಿನ ಮೇಲೆ ಇದ್ದು, ಮೇ ತಿಂಗಳು ಮುಗಿಯುವ ಮುಂಚೆ ದೋಣಿಯನ್ನು ಕೊಚ್ಚಿಯ ಹಿನ್ನೀರಿಗೆ ಕೊಂಡೊಯ್ದು ಕಟ್ಟುವುದು ನಿಮ್ಮಂಥ ಅನುಭವಿಗೆ ಅಸಾಧ್ಯವಾದ ಯೋಜನೆಯೇನಲ್ಲ. ದೋಣಿ ಕೊಳ್ಳುವ ಮುಂಚೆ ಒಂದು ಅಮಾವಾಸ್ಯೆಯ ಇಳಿತದ ಹೊತ್ತಿಗೆ ಅಘನಾಶಿನಿಯ ಅಳಿವೆಯಲ್ಲಿರುವ ತದಡಿಗೆ ಹೋಗಿ, ಅಲ್ಲಿಯ ನಾಡದೋಣಿಯವರೊಬ್ಬರನ್ನು ಜೊತೆಗೆ ಕರೆದುಕೊಂಡು, ಮಾರಿಗೊಂದು ಗಂಟು ಹಾಕಿದ ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಅಳಿವೆಯ ಆಳವನ್ನು ನೀವೇ ಅಳೆದು ನೋಡಿ. ಗುಂಡಿನ ತಳಕ್ಕೆ ಸ್ವಲ್ಪ ಗ್ರೀಸ್ ಸವರಿದ್ದರೆ ತಳದಲ್ಲಿರುವುದು ಮರಳೋ ಕೆಸರೋ ಎಂಬುದೂ ಅಂಟಿಕೊಂಡು ಮೇಲೆ ಬರುತ್ತದೆ. ಕೆಸರು ಬಂದ ಜಾಗವನ್ನು ಗುರುತು ಹಾಕಿಕೊಳ್ಳಿ. ಲಂಗರು ಅಲ್ಲಿ ಚೆನ್ನಾಗಿ ಹಿಡಿಯುತ್ತದೆ.